ನಲವತ್ತಾರು ಕಿಲೋ

ಮಾಗಡಿ ರಸ್ತೆಯಿಂದ ರಾಜಾಜಿನಗರದ ಕಡೆಗೆ ತಿರುಗುವಲ್ಲಿ ಆಗ ಒಂದು ಧರ್ಮಾಸ್ಪತ್ರೆ ಇತ್ತು. ಬೋರ್ಡಿನ ಮೇಲೆ ಯಾವನೋ ಜವಳಿ ವ್ಯಾಪಾರಿಯ ತಾಯಿಯ ಹೆಸರಿತ್ತು, ಆದರೆ ಆ ಹೆಸರು ಹೇಳಿದರೆ ಬಸ್ ಕಂಡಕ್ಟರಿಗೂ ಗೊತ್ತಾಗುತ್ತಿರಲಿಲ್ಲ. ಗಡ್ಡೆ ಆಸ್ಪತ್ರೆ ಎಂದರೆ ಕೂಡಲೇ ಸೀಟಿ ಊದಿ ನಿಲ್ಲಿಸುತ್ತಿದ್ದ, ಇಳಿಯುವವರ ಮುಖ ಮಾತ್ರ ನೋಡುತ್ತಿರಲಿಲ್ಲ. ಹನುಮಕ್ಕ ಅಲ್ಲಿ ಹದಿಮೂರು ವರ್ಷ ಆಯಾ ಆಗಿದ್ದಳು. ಕಸ ಗುಡಿಸುವುದು, ಬ್ಯಾಂಡೇಜ್ ಬಟ್ಟೆ ಕುದಿಸುವುದು, ಫೈಲು ಹೊರುವುದು ಎಂದು ಅವಳ ಕೆಲಸದ ಆರ್ಡರಿನಲ್ಲಿ ಬರೆದಿತ್ತು. ಅವಳು ಮಾಡುತ್ತಿದ್ದ ಮುಖ್ಯ ಕೆಲಸವನ್ನು ಯಾರೂ ಎಲ್ಲಿಯೂ ಬರೆದಿರಲಿಲ್ಲ. ಅದು ತೂಕ ನೋಡಿಸುವ ಕೆಲಸ.

ಡಾಕ್ಟರ್ ಪದ್ಮನಾಭ ಅವರ ಕೋಣೆಯಲ್ಲಿ ಮೇಜಿನ ಎದುರಿಗೆ ಎರಡು ಆಸನಗಳಿದ್ದವು. ರೋಗಿಗೆ ಮರದ ಸ್ಟೂಲು, ರೋಗಿಯ ಕಡೆಯವರಿಗೆ ಬೆನ್ನಿರುವ ಬೆತ್ತದ ಕುರ್ಚಿ. ಒರಗಿಕೊಳ್ಳಬೇಕಾದವರು ಯಾರು ಎಂದು ಆ ಕೋಣೆಯಲ್ಲಿ ಯಾರೂ ಯೋಚಿಸಿದಂತಿರಲಿಲ್ಲ. ಡಾಕ್ಟರು ಹೊಟ್ಟೆ ಮುಟ್ಟಿ, ಗಂಟಲು ನೋಡಿ, ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೈ ತೊಳೆದುಕೊಂಡು ಬಂದು ಕೂರುತ್ತಿದ್ದರು. ವಾಸಿಯಾಗುವಂಥದ್ದಾದರೆ ರೋಗಿಯ ಜೊತೆಯೇ ಮಾತಾಡುತ್ತಿದ್ದರು; ಆಪರೇಷನ್ ಯಾವತ್ತು, ಎಷ್ಟು ದಿನ ಮಲಗಬೇಕು, ಹಾಲು ಕುಡಿಯಬಹುದೇ ಎಂದೆಲ್ಲ ಬಿಡಿಸಿ ಹೇಳುತ್ತಿದ್ದರು. ವಾಸಿಯಾಗದ್ದಾದರೆ ಕನ್ನಡಕ ತೆಗೆದು ಒರೆಸುತ್ತ, ಬಾಗಿಲ ಕಡೆ ತಿರುಗಿ, "ಹನುಮಕ್ಕ, ಇವರ ತೂಕ ನೋಡಿಸು" ಎನ್ನುತ್ತಿದ್ದರು.

ತೂಕದ ಯಂತ್ರ ಇದ್ದದ್ದು ಕಾರಿಡಾರಿನ ಆ ತುದಿಯಲ್ಲಿ, ಮಹಡಿ ಮೆಟ್ಟಿಲ ಕೆಳಗೆ. ಚೀನಾ ಯುದ್ಧದ ವರ್ಷ ಅದರ ಸ್ಪ್ರಿಂಗು ಕೆಟ್ಟು, ಮುಳ್ಳು ನಲವತ್ತಾರರ ಮೇಲೆ ನಿಂತುಬಿಟ್ಟಿತು. ಆಮೇಲೆ ಅದರ ಮೇಲೆ ರಾಗಿ ಮೂಟೆಯಂಥ ಗೌಡ ನಿಂತರೂ ನಲವತ್ತಾರು, ಎಲುಬಿನ ಗೂಡಾದ ಮುದುಕಿ ನಿಂತರೂ ನಲವತ್ತಾರು. ರಿಪೇರಿ ಮಾಡಿಸಲು ಯಾರಿಗೂ ಅವಸರವಿರಲಿಲ್ಲ, ಏಕೆಂದರೆ ಅದರಿಂದ ಆಗಬೇಕಾದ ಕೆಲಸ ಚೆನ್ನಾಗಿಯೇ ಆಗುತ್ತಿತ್ತು. ರೋಗಿ ಅದರ ಮೇಲೆ ನಿಂತಿರುವಷ್ಟು ಹೊತ್ತಿನಲ್ಲಿ, ಒಳಗೆ ಡಾಕ್ಟರು ಕುರ್ಚಿಯಲ್ಲಿ ಕೂತವರಿಗೆ ಇನ್ನೆಷ್ಟು ತಿಂಗಳು ಎಂದು ಹೇಳಿ ಮುಗಿಸುತ್ತಿದ್ದರು. ಮೇಜಿನ ಮೇಲಿನ ಗಂಟೆ ಒಂದು ಸಲ ಬಡಿದರೆ ರೋಗಿಯನ್ನು ಒಳಗೆ ಕರೆದುಕೊಂಡು ಬರಬೇಕು.

ಈ ಕೆಲಸದಲ್ಲಿ ಹನುಮಕ್ಕನನ್ನು ಮೀರಿಸುವವರು ಇರಲಿಲ್ಲ. ಮೊದಲು ಚಪ್ಪಲಿ ಬಿಡಿ ಎನ್ನುವಳು. ಆಮೇಲೆ ಸೊಂಟದ ಬೀಗದ ಕೈ, ಎಲೆಯಡಿಕೆ ಚೀಲ, ಹೆಗಲ ಮೇಲಿನ ಟವೆಲು ಒಂದೊಂದಾಗಿ ಕೆಳಗಿಡಿಸುವಳು. ಉಸಿರು ಹಿಡಿಯಿರಿ, ಬಿಡಿ, ಅಲ್ಲಾಡಬೇಡಿ, ಇನ್ನೊಂದು ಸಲ ನೋಡೋಣ ಎಂದು ಹೊತ್ತು ಕಳೆಯುವಳು. ನಡುವೆ ಮಕ್ಕಳೆಷ್ಟು, ನಿಮ್ಮ ಕಡೆ ಮಳೆ ಹೇಗೆ, ಹಸು ಕರು ಹಾಕಿತೇ ಎಂದು ವಿಚಾರಿಸುವಳು. ಒಳಗಿನಿಂದ ಯಾರಾದರೂ ಅತ್ತದ್ದು ಕೇಳಿಸಿದರೆ ಪಕ್ಕದ ಬಕೆಟ್ಟನ್ನು ಕಾಲಿನಿಂದ ಒದ್ದು, ಹಾಳಾದ ಬಕೆಟ್ಟು ಎಂದು ದೊಡ್ಡದಾಗಿ ಬೈಯುವಳು. ಕೊನೆಗೆ ಒಂದು ಚೀಟಿಯ ಮೇಲೆ ನಲವತ್ತಾರು ಎಂದು ಅಂಕಿಯಲ್ಲಿ ಬರೆದು ರೋಗಿಯ ಕೈಗೆ ಕೊಡುವಳು. ಅವಳಿಗೆ ಬರೆಯಲು ಓದಲು ಬರುತ್ತಿದ್ದದ್ದು ಅಂಕಿ ಮಾತ್ರ. ಆ ಚೀಟಿಯನ್ನು ಡಾಕ್ಟರು ಒಂದು ದಿನವೂ ಕೇಳಿದ್ದಿಲ್ಲ. ಕೇಳಲಿಲ್ಲವಲ್ಲ ಎಂದು ಯಾವ ರೋಗಿಗೂ ಹೊಳೆದದ್ದಿಲ್ಲ. ತನ್ನ ಯಂತ್ರದ ಮೇಲೆ ನಿಂತವರಲ್ಲಿ ಒಬ್ಬರೂ ಕಣ್ಣೀರು ಹಾಕಿಲ್ಲ ಎಂದು ಹನುಮಕ್ಕ ಅಕ್ಕಪಕ್ಕದವರ ಹತ್ತಿರ ಹೇಳಿಕೊಳ್ಳುತ್ತಿದ್ದಳು. ಹೆಮ್ಮೆಪಡಲು ಬಡವರಿಗೂ ಏನಾದರೊಂದು ಬೇಕಲ್ಲ.

ಬೆತ್ತದ ಕುರ್ಚಿಯಲ್ಲಿ ಯಾರು ಕೂರಬಹುದು ಎಂಬುದಕ್ಕೂ ಒಂದು ಕಟ್ಟಲೆ ಇತ್ತು. ರೋಗಿ ಹೆಂಗಸಾದರೆ ಗಂಡನಿಗೆ ಹೇಳುವುದು. ಗಂಡಸಾದರೆ ಮಗನಿಗೋ ತಮ್ಮನಿಗೋ ಹೇಳುವುದು. ಹೆಂಡತಿ ಜೊತೆಗೆ ಬಂದಿದ್ದರೆ ಅವಳೂ ಎದ್ದು ತೂಕ ನೋಡಲು ಹೋಗಬೇಕು. ಗಂಡನೂ ಮಗನೂ ಇಲ್ಲದವಳಿಗೆ ಊರ ಪಟೇಲ ಬಂದರೂ ಸಾಕು, ಅವಳೊಬ್ಬಳೇ ಬಂದರೆ ಸಾಲದು. ಎಲ್ಲ ಹೇಳಿ ಮುಗಿದ ಮೇಲೆ ಡಾಕ್ಟರು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು: "ಪೇಷಂಟ್‌ಗೆ ಹೇಳಬೇಡಿ." ಆ ಮಾತು ಬಾಗಿಲಾಚೆಗೆ ಕೇಳಿಸಿತೆಂದರೆ ಇನ್ನು ಗಂಟೆ ಬಡಿಯುತ್ತದೆ ಎಂದು ಹನುಮಕ್ಕನಿಗೆ ಗೊತ್ತು.

ಡಾಕ್ಟರು ಕೆಟ್ಟವರೇನಲ್ಲ, ಅದನ್ನೂ ಹೇಳಿಬಿಡಬೇಕು. ಇಂಗ್ಲೆಂಡಿಗೆ ಹೋಗಿ ಕಲಿತು ಬಂದವರು, ದೊಡ್ಡ ಆಸ್ಪತ್ರೆಯ ಸಂಬಳ ಬಿಟ್ಟು ಈ ಧರ್ಮದ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದವರು. ಬಂದ ಹೊಸದರಲ್ಲಿ ಅವರು ಎಲ್ಲರಿಗೂ ಎದುರೆದುರೇ ಹೇಳುತ್ತಿದ್ದರಂತೆ. ಹಾಗೆ ಹೇಳಿಸಿಕೊಂಡ ಒಬ್ಬ ಸ್ಕೂಲು ಮೇಷ್ಟ್ರು ನಮಸ್ಕಾರ ಮಾಡಿ ಹೊರಟವರು ಮನೆ ಸೇರಲಿಲ್ಲ, ಮಾರನೆಯ ದಿನ ಬಾವಿಯಲ್ಲಿ ಸಿಕ್ಕಿದರು. ಅವತ್ತಿನಿಂದ ಡಾಕ್ಟರು ತೂಕದ ಉಪಾಯ ಹಿಡಿದರು. ಒಬ್ಬ ಮೇಷ್ಟ್ರು ಬಾವಿಗೆ ಬಿದ್ದದ್ದಕ್ಕೆ ಆಮೇಲೆ ಬಂದ ಸಾವಿರ ಜನರ ಕಿವಿ ಮುಚ್ಚಿದರು ಎಂದರೆ, ಅದನ್ನು ಕರುಣೆ ಎನ್ನುತ್ತೀರೋ ಹೆದರಿಕೆ ಎನ್ನುತ್ತೀರೋ ನಿಮಗೆ ಬಿಟ್ಟದ್ದು.

ಹನುಮಕ್ಕನ ತವರು ಉಲ್ಲಾಳ. ಗಂಡ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದು, ಮಗಳಿಗೆ ಐದು ತುಂಬುವ ಮೊದಲೇ ಜ್ವರದಲ್ಲಿ ಹೋದ. ಅತ್ತಿಗುಪ್ಪೆಯಲ್ಲಿ ಎರಡು ಅಂಕಣದ ಹೆಂಚಿನ ಮನೆ, ಹಿತ್ತಲಲ್ಲಿ ನುಗ್ಗೆ ಮರ, ಒಬ್ಬಳೇ ಮಗಳು ಪುಟ್ಟಲಕ್ಷ್ಮಿ. ತವರಿಗೆ ಬಂದಿರು ಎಂದು ತಮ್ಮ ಕರೆದರೂ ಹೋಗದೆ ಆಸ್ಪತ್ರೆ ಸೇರಿದಳು. ಹದಿಮೂರು ವರ್ಷ ಫೈಲು ಹೊತ್ತು ಅವಳಲ್ಲಿ ಒಂದು ಹಟ ಬೆಳೆದಿತ್ತು. ಕೈಯಲ್ಲಿ ಹಿಡಿದ ಕಾಗದದಲ್ಲಿ ಏನಿದೆ ಎಂದು ತಿಳಿಯದೆ ಬದುಕುವ ಗತಿ ಮಗಳಿಗೆ ಬರಬಾರದು, ಮಗಳು ಮೇಷ್ಟರಾಗಬೇಕು. ಎಪ್ಪತ್ನಾಲ್ಕನೆಯ ಇಸವಿಯಲ್ಲಿ ಪುಟ್ಟಲಕ್ಷ್ಮಿ ವಿಜಯನಗರದ ಒಂದು ಟೀಚರ್ ಟ್ರೈನಿಂಗ್ ಶಾಲೆಯಲ್ಲಿ ಕೊನೆಯ ವರ್ಷ ಓದುತ್ತಿದ್ದಳು. ಮುಂದಿನ ಏಪ್ರಿಲ್‌ನಲ್ಲಿ ಪರೀಕ್ಷೆ. ಹನುಮಕ್ಕನ ಬದುಕೆಲ್ಲ ಆ ಏಪ್ರಿಲ್ ಕಡೆಗೆ ನಡೆಯುತ್ತಿತ್ತು.

ಆ ವರ್ಷ ಆಷಾಢದಲ್ಲಿ ಒಂದು ರಾತ್ರಿ ಊಟಕ್ಕೆ ಕೂತಾಗ ಮುದ್ದೆ ಗಂಟಲ ಕೆಳಗೆ ಸಿಕ್ಕಿಕೊಂಡಿತು. ನೀರು ಕುಡಿದು ಇಳಿಸಿದಳು. ಮಾರನೆಯ ದಿನ ತುತ್ತು ಚಿಕ್ಕದು ಮಾಡಿದಳು, ಆಮೇಲೆ ಮುದ್ದೆಯನ್ನು ಸಾರಿನಲ್ಲಿ ಕಲಸಿದಳು, ಇನ್ನೂ ಆಮೇಲೆ ಅಂಬಲಿ ಕಾಯಿಸಿಕೊಂಡು ಕುಡಿಯತೊಡಗಿದಳು. ಮುದ್ದೆ ಇಳಿಯುತ್ತಿಲ್ಲ ಎಂಬ ಮಾತನ್ನು ಅವಳು ಡಾಕ್ಟರ ಕೋಣೆಯ ಬಾಗಿಲಲ್ಲಿ ನಿಂತು ಎಷ್ಟು ಬಾಯಿಂದ ಕೇಳಿದ್ದಳೋ ಲೆಕ್ಕವಿಲ್ಲ. ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆಸ್ಪತ್ರೆಯಲ್ಲಿ ಡಾಕ್ಟರೊಬ್ಬರೇ. ಆದರೂ ಪಿತ್ತ ಎಂದುಕೊಂಡಳು, ಗಾಳಿ ಎಂದುಕೊಂಡಳು, ಜೀರಿಗೆ ಕಷಾಯ ಮಾಡಿಕೊಂಡು ಕುಡಿದಳು. ಒಂದು ತಿಂಗಳಾದ ಮೇಲೆ ರವಿಕೆ ತೋಳು ಜೋಲಾಡುವುದನ್ನು ನೋಡಿ ಡಾಕ್ಟರೇ ಕೇಳಿದರು.

ಕಲಸಿದ ಸುಣ್ಣದಂಥ ಬಿಳಿ ಔಷಧ ಕುಡಿಸಿ ಎಕ್ಸ್‌ರೇ ತೆಗೆಸಿದರು, ಗಂಟಲಿಗೆ ನಳಿಗೆ ಇಳಿಸಿ ನೋಡಿದರು. ಹಾಳೆ ನೋಡಿದ ದಿನ ಡಾಕ್ಟರು ಅವಳನ್ನು ಕರೆದು, "ಹನುಮಕ್ಕ, ಕೂತ್ಕೊಳ್ಳಿ" ಎಂದರು. ಹದಿಮೂರು ವರ್ಷ ಬಾ, ಹೋಗು, ಕಾಫಿ ತಾ ಎನ್ನುತ್ತಿದ್ದವರ ಬಾಯಲ್ಲಿ ಕೂತ್ಕೊಳ್ಳಿ ಎಂಬ ಮಾತು ಕೇಳಿ ಅವಳು ಕೂರದೆ ನಿಂತೇ ಇದ್ದಳು. ನಿಮ್ಮ ಕಡೆಯವರು ಯಾರಿದ್ದಾರೆ, ನಾಳೆ ಕರೆದುಕೊಂಡು ಬನ್ನಿ ಎಂದರು. ಅಲ್ಲಿಗೇ ಅವಳಿಗೆ ಅರ್ಥವಾಗಬೇಕಿತ್ತು. ಆಪರೇಷನ್‌ಗೆ ರುಜು ಹಾಕಲು ಯಾರಾದರೂ ಬೇಕಲ್ಲ, ಅದಕ್ಕೆ ಇರಬಹುದು ಎಂದು ಮನಸ್ಸಿಗೆ ಹೇಳಿಕೊಂಡಳು. ತಾನು ಈ ಮನೆಯವಳು, ತನಗೆ ಏನಿದ್ದರೂ ಎದುರಿಗೇ ಹೇಳುತ್ತಾರೆ ಎಂಬ ನಂಬಿಕೆ ಅವಳಿಗೆ. ಹದಿಮೂರು ವರ್ಷದ ದುಡಿಮೆಗೆ ಅಷ್ಟಾದರೂ ಹಕ್ಕಿದೆ ಎಂದುಕೊಂಡಿದ್ದಳು, ಪಾಪ.

ಮಾರನೆಯ ದಿನ ತಮ್ಮ ಬಂದ. ಹೆಸರು ದೊಡ್ಡಣ್ಣ, ಹನುಮಕ್ಕನಿಗಿಂತ ಆರು ವರ್ಷ ಚಿಕ್ಕವನು, ಉಲ್ಲಾಳದಲ್ಲಿ ಬೇಸಾಯ. ಆಸ್ಪತ್ರೆಗೆಂದು ಮದುವೆಗೆ ಉಡುವ ಪಂಚೆ ಉಟ್ಟುಕೊಂಡು ಬಂದಿದ್ದ. ಡಾಕ್ಟರು ಅವನನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿದರು, ಹನುಮಕ್ಕನಿಗೆ ಸ್ಟೂಲು ತೋರಿಸಿದರು. ಅವಳು ದಿನವೂ ಒರೆಸುವ ಸ್ಟೂಲಿನ ಮೇಲೆ ಮೊದಲ ಸಲ ಕೂತಳು. ಡಾಕ್ಟರು ಕನ್ನಡಕ ತೆಗೆದರು. ಒರೆಸಿದರು. ಬಾಗಿಲ ಕಡೆ ತಿರುಗಿದರು, ಅಲ್ಲಿ ಯಾರೂ ಇರಲಿಲ್ಲ, ಇರಬೇಕಾದವಳು ಸ್ಟೂಲಿನ ಮೇಲಿದ್ದಳು. ಅವರು ಮತ್ತೆ ಇತ್ತ ತಿರುಗಿ, ಅವಳ ಮುಖ ಬಿಟ್ಟು ಮೇಜು ನೋಡುತ್ತ ಹೇಳಿದರು.

"ಹನುಮಕ್ಕ, ಸ್ವಲ್ಪ ತೂಕ ನೋಡ್ಕೊಂಡು ಬನ್ನಿ."

ಅವಳು ಎದ್ದಳು. ಏಕೆ ಎದ್ದೆ ಎಂದು ಆಮೇಲೆ ಎಷ್ಟೋ ದಿನ ತನ್ನನ್ನೇ ಬೈದುಕೊಂಡಳು. ಕಾಲು ಅಭ್ಯಾಸದಿಂದ ಎದ್ದಿತ್ತು. ಕಾರಿಡಾರಿನ ತುದಿಗೆ ಹೋಗಿ, ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಸೊಂಟದ ಬೀಗದ ಕೈ ತೆಗೆದಿಟ್ಟು ಯಂತ್ರದ ಮೇಲೆ ಹತ್ತಿ ನಿಂತಳು. ಮಕ್ಕಳೆಷ್ಟು ಎಂದು ಕೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಒಳಗೆ ದೊಡ್ಡಣ್ಣ ಒಂದು ಸಲ ದೊಡ್ಡದಾಗಿ ಕೆಮ್ಮಿದ್ದು ಕೇಳಿಸಿತು, ಆಮೇಲೆ ಮೂಗು ಎಳೆದುಕೊಂಡದ್ದು. ಬಕೆಟ್ಟು ಕಾಲಿಗೆ ನಿಲುಕುವಷ್ಟು ಹತ್ತಿರದಲ್ಲೇ ಇತ್ತು. ಗಂಟೆ ಒಂದು ಸಲ ಬಡಿಯಿತು.

ಒಳಗೆ ಹೋದಾಗ ಇಬ್ಬರೂ ಅವಳನ್ನು ನೋಡಿ ನಕ್ಕರು. ಆ ನಗು ಅವಳಿಗೆ ಹೊಸದಲ್ಲ, ಅದನ್ನು ಬೇರೆಯವರಿಗೆ ನಕ್ಕದ್ದನ್ನು ನೂರು ಸಲ ನೋಡಿದ್ದಳು. ಡಾಕ್ಟರು ಕೇಳದಿದ್ದರೂ ಅವಳೇ ಹೇಳಿದಳು, "ನಲವತ್ತಾರು, ಸಾರ್."

"ಗುಡ್," ಎಂದರು ಡಾಕ್ಟರು. "ಚೆನ್ನಾಗೇ ಇದೆ."

ಅನ್ನ ಹೋಗುವ ದಾರಿಯಲ್ಲಿ ಸಣ್ಣದೊಂದು ಹುಣ್ಣು, ಟಾನಿಕ್ಕು ಕುಡಿಯಬೇಕು, ಗಂಜಿ ಹಾಲು ಎಳನೀರು ಹೆಚ್ಚು ಮಾಡಬೇಕು, ಬಾಯಿಗೆ ಏನು ಬೇಕೋ ಅದನ್ನು ತಿನ್ನಬಹುದು, ಪಥ್ಯವೇನೂ ಇಲ್ಲ ಎಂದರು. ಪಥ್ಯವಿಲ್ಲ ಎಂದು ಅವರು ಯಾರಿಗೆ ಹೇಳುತ್ತಾರೆ ಎಂಬುದು ಹನುಮಕ್ಕನಿಗೆ ಗೊತ್ತಿಲ್ಲದ್ದಲ್ಲ. ಆದರೂ ಮನುಷ್ಯರ ಮನಸ್ಸು ವಿಚಿತ್ರ ನೋಡಿ. ಬೇರೆಯವರಿಗೆ ಹೇಳುವಾಗ ಸುಳ್ಳು ಎಂದು ಗೊತ್ತಿದ್ದ ಮಾತನ್ನು, ತನಗೆ ಹೇಳಿದಾಗ ನಿಜವಿರಬಹುದು ಎಂದು ಹಿಡಿದುಕೊಂಡಳು. ಎರಡು ತಿಂಗಳು ಹಿಡಿದುಕೊಂಡೇ ಇದ್ದಳು. ಬೆಳಿಗ್ಗೆ ಎದ್ದು ಅಂಬಲಿ ಕುಡಿದು, ಹೆಜ್ಜೆಗೊಮ್ಮೆ ನಿಂತು, ಕೆಲಸಕ್ಕೂ ಬಂದಳು. ದೊಡ್ಡಣ್ಣ ವಾರಕ್ಕೊಮ್ಮೆ ಎಳನೀರು ಗೊಂಚಲು ಸೈಕಲ್ಲಿಗೆ ಕಟ್ಟಿಕೊಂಡು ಬರತೊಡಗಿದ. ಹತ್ತು ವರ್ಷದಲ್ಲಿ ಅವನು ಅಷ್ಟು ಸಲ ಅಕ್ಕನ ಮನೆಗೆ ಬಂದಿರಲಿಲ್ಲ.

ವಿಜಯದಶಮಿಯ ದಿನ ಅವನು ಬನ್ನಿ ಸೊಪ್ಪು ಕೊಟ್ಟು ಕಾಲಿಗೆ ಬಿದ್ದು, ಗೋಡೆಗೆ ಒರಗಿ ಕೂತು ಮಾತು ತೆಗೆದ. ತನ್ನ ಹೆಂಡತಿಯ ತಮ್ಮ ನಾಗರಾಜು, ಕೆಂಗೇರಿಯಲ್ಲಿ ಹಿಟ್ಟಿನ ಮಿಲ್ಲು ಇಟ್ಟಿರುವವನು, ಪುಟ್ಟಿಯನ್ನು ಕೇಳುತ್ತಿದ್ದಾನೆ. ಹುಡುಗ ಒಳ್ಳೆಯವನು, ಕುಡಿತವಿಲ್ಲ, ಎಲೆಯಡಿಕೆ ಕೂಡ ಇಲ್ಲ. ದೀಪಾವಳಿ ಕಳೆದು ಹತ್ತನೆಯ ದಿನ ಮುಹೂರ್ತವಿದೆ, ಪುರೋಹಿತರ ಹತ್ತಿರ ನೋಡಿಸಿಯೂ ಆಗಿದೆ. ಪುಟ್ಟಿಯ ಪರೀಕ್ಷೆ ಎಂದು ಹನುಮಕ್ಕ ಬಾಯಿ ತೆಗೆದಳು. ಮದುವೆಯಾದ ಮೇಲೆ ಹಿಟ್ಟಿನ ಮಿಲ್ಲಿಗೆ ಪರೀಕ್ಷೆ ಏಕೆ ಎಂದು ದೊಡ್ಡಣ್ಣ ನಕ್ಕ. ನಕ್ಕದ್ದು ಅರ್ಧಕ್ಕೇ ನಿಂತು, ಅವನ ಕಣ್ಣು ತುಂಬಿತು.

"ಮುಗಿಸ್ಬುಡಾಣ ಅಕ್ಕ. ನೀನು ಕಣ್ತುಂಬ ನೋಡ್ದಂಗಾಯ್ತದೆ."

ಹನುಮಕ್ಕನ ಕೈ ಬನ್ನಿ ಎಲೆಯ ಮೇಲೆಯೇ ನಿಂತಿತು. ಈ ಮಾತನ್ನು ಅವಳು ಬಲ್ಲಳು. ತೂಕ ನೋಡಿಸಿಕೊಂಡು ಹೋದವರ ಮನೆಯವರು ತಿಂಗಳೊಳಗೆ ಲಗ್ನಪತ್ರಿಕೆ ಹಿಡಿದು ಡಾಕ್ಟರ ಬಾಗಿಲಿಗೆ ಬರುತ್ತಿದ್ದರು. ನಮ್ಮಮ್ಮ ಕಣ್ತುಂಬ ನೋಡಲಿ ಅಂತ, ನಮ್ಮಪ್ಪ ಕಣ್ತುಂಬ ನೋಡಲಿ ಅಂತ. ಅಷ್ಟು ಅವಸರವಾದರೂ ಏಕೆ? ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಮದುವೆ ಮಾಡುವ ಹಾಗಿಲ್ಲ. ಬೆಳೆದ ಹುಡುಗಿಯನ್ನು ತಾಯಿಯಿಲ್ಲದ ವರ್ಷವೆಲ್ಲ ಯಾರು ಕಾಯುತ್ತಾರೆ? ಅದಕ್ಕೇ ಸಾವು ಬರುವ ಮೊದಲು ಓಲಗ ಊದಿಸಿಬಿಡುವುದು. ಆ ಪತ್ರಿಕೆಗಳನ್ನು ನೋಡಿ ಹನುಮಕ್ಕ ಎಷ್ಟೋ ಸಲ, ಪುಣ್ಯವಂತರು, ಮಕ್ಕಳ ಮದುವೆ ನೋಡಿ ಹೋಗುತ್ತಾರೆ ಎಂದಿದ್ದಳು.

ಈಗ ಅವಳಿಗೆ ಮೈ ಉರಿಯಿತು. ತನ್ನ ಗಂಟಲ ಸುದ್ದಿ ತನ್ನ ತಮ್ಮನಿಗೆ ಗೊತ್ತು, ಅವನ ಹೆಂಡತಿಗೆ ಗೊತ್ತು, ಹಿಟ್ಟಿನ ಮಿಲ್ಲಿನ ನಾಗರಾಜುವಿಗೆ ಗೊತ್ತು, ಮುಹೂರ್ತ ನೋಡಿದ ಪುರೋಹಿತನಿಗೂ ಗೊತ್ತು. ಗೊತ್ತಿಲ್ಲದ್ದು ಅವಳೊಬ್ಬಳಿಗೆ. ಅವಳ ಸಾವನ್ನು ಹಿಡಿದುಕೊಂಡು ಅವರೆಲ್ಲ ಕೂತು ಅವಳ ಮಗಳ ಬದುಕನ್ನು ತೀರ್ಮಾನ ಮಾಡಿ ಎದ್ದಿದ್ದರು. ಅವತ್ತು ಅವಳು ತಮ್ಮನಿಗೆ ಆಗಲಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ದೇವರನ್ನು ಕೇಳಿ ಹೇಳುತ್ತೇನೆ ಎಂದಳು.

ಮಾರನೆಯ ದಿನ ಆಸ್ಪತ್ರೆಗೆ ಹೋದವಳೇ ಫೈಲಿನ ಬೀರು ತೆಗೆದಳು. ಆ ಬೀರುವಿಗೆ ಎರಡು ಅರೆ. ಮತ್ತೆ ಬರಬೇಕಾದವರ ಫೈಲು ಮೇಲೆ, ಬರುವ ಅಗತ್ಯವಿಲ್ಲದವರದ್ದು ಕೆಳಗೆ. ಅವಳ ಚೀಟಿಯ ನಂಬರು ಎರಡು ಸಾವಿರದ ಒಂಬೈನೂರ ಹದಿನೆಂಟು. ಮೇಲಿನ ಅರೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿದಳು, ಅದು ಇರಲಿಲ್ಲ. ಕೆಳಗೆ ಬಾಗಿದಾಗ ಮೂರನೆಯದೇ ಅವಳದಾಗಿತ್ತು. ಅದರ ಹಿಂದೆ ಅವಳ ಕೈಯಾರೆ ಜೋಡಿಸಿಟ್ಟ ಫೈಲುಗಳು ಗೋಡೆಯವರೆಗೆ ನಿಂತಿದ್ದವು. ಇವರೆಲ್ಲರ ಚಪ್ಪಲಿ ಬಿಡಿಸಿದ್ದು ತಾನು, ಬಕೆಟ್ಟು ಒದ್ದದ್ದು ತಾನು. ಇವರಲ್ಲಿ ಎಷ್ಟು ಜನಕ್ಕೆ ಒಂದು ಪರೀಕ್ಷೆಯೋ ಒಂದು ಜಗಳವೋ ಯಾರನ್ನೋ ನೋಡಿಬರುವುದೋ ಬಾಕಿ ಇತ್ತೋ ಏನೋ. ಬದುಕಿದ ಮೇಲೆ ಮಾಡೋಣ ಎಂದು ಇಟ್ಟುಕೊಂಡೇ ಹೋದರು. ಹನುಮಕ್ಕ ಅಲ್ಲೇ ನೆಲದ ಮೇಲೆ ಕೂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಅತ್ತು ಮುಗಿಸಿ ಮುಖ ತೊಳೆದು, ಆ ಫೈಲನ್ನು ತೆಗೆದುಕೊಂಡು ಡಾಕ್ಟರ ಕೋಣೆಗೆ ಹೋದಳು. ಹನ್ನೆರಡು ಗಂಟೆಯಾಗಿತ್ತು, ರೋಗಿಗಳು ಮುಗಿದಿದ್ದರು, ಡಾಕ್ಟರು ಕಾಫಿಗೆ ಕಾಯುತ್ತಿದ್ದರು. ಅವಳು ಫೈಲನ್ನು ಮೇಜಿನ ಮೇಲಿಟ್ಟಳು. ಸ್ಟೂಲನ್ನು ಪಕ್ಕಕ್ಕೆ ಸರಿಸಿ, ಬೆತ್ತದ ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂತಳು.

"ಸಾರ್, ಪೇಷಂಟ್ ತೂಕ ನೋಡ್ಸೋಕೆ ಹೋಗವ್ಳೆ. ನಾನು ಅವಳ ಕಡೆಯೋಳು. ಈಗ ಹೇಳಿ."

ಡಾಕ್ಟರು ಕನ್ನಡಕಕ್ಕೆ ಕೈ ಹಾಕಿದರು. ಬಾಗಿಲ ಕಡೆ ನೋಡಿದರು. ನಿಮ್ಮ ತಮ್ಮ ಬರಲಿಲ್ಲವೇ ಎಂದು ಕೇಳಿದರು.

"ತಮ್ಮಂಗೆ ಹೇಳಿದ್ದು ಆಯ್ತಲ್ಲ ಸಾರ್. ಸಾಯೋಳು ಅವನಲ್ಲ."

ಅವರು ಕನ್ನಡಕ ತೆಗೆದು, ಒರೆಸದೆ ಮೇಜಿನ ಮೇಲಿಟ್ಟರು. ಸ್ಕೂಲು ಮೇಷ್ಟ್ರ ಬಾವಿ ನೆನಪಾಯಿತೋ ಏನೋ. ಆಮೇಲೆ ಹೇಳಿದರು. ಮೊದಮೊದಲು ಇಂಗ್ಲಿಷಿನಲ್ಲಿ ಹೊರಟಿತು. ಅವಳು ಕದಲದೆ ಕೂತದ್ದನ್ನು ನೋಡಿ ಕನ್ನಡಕ್ಕೆ ಬಂದರು. ಗಡ್ಡೆ ಅನ್ನದ ದಾರಿಯಲ್ಲಿ ಕೆಳಗೆ ಬೆಳೆದಿದೆ, ಕತ್ತಿ ಹಾಕುವ ಜಾಗವಲ್ಲ. ಶ್ರಾವಣದಲ್ಲಿ ತಮ್ಮನಿಗೆ ಹೇಳುವಾಗ ಹೆಚ್ಚೆಂದರೆ ಆರು ತಿಂಗಳು ಎಂದಿದ್ದರು. ಈಗ ಅಷ್ಟೂ ಇಲ್ಲ. ಮುಂದೆ ನೀರೂ ಇಳಿಯುವುದಿಲ್ಲ, ಆಗ ಇಲ್ಲಿಗೇ ಬಂದುಬಿಡಬೇಕು, ನೋವಿಗೆ ಸೂಜಿ ಹಾಕುತ್ತಾರೆ. ಅವಳು ಮಗಳ ಪರೀಕ್ಷೆಯ ಮಾತನ್ನೇ ಎತ್ತಲಿಲ್ಲ. ಪೇಷಂಟ್ ಸಂಕ್ರಾಂತಿ ನೋಡುತ್ತಾಳೆಯೇ ಎಂದು ಮಾತ್ರ ಕೇಳಿದಳು.

"ಕಷ್ಟ," ಎಂದರು ಡಾಕ್ಟರು.

ಅವಳು ತಲೆಯಾಡಿಸಿದಳು. ಎದ್ದು ನಿಂತು, ತೂಕದ ಯಂತ್ರ ಕೆಟ್ಟು ಹನ್ನೆರಡು ವರ್ಷವಾಯಿತು, ನೀವು ಚೆನ್ನಾಗೇ ಇದೆ ಎಂದಿರಿ ಎಂದಳು. ಡಾಕ್ಟರಿಗೆ ಅದು ಕೆಟ್ಟಿರುವುದೇ ಗೊತ್ತಿರಲಿಲ್ಲ. ಅವರು ಫೈಲು ಮುಚ್ಚಿದರು. ಎಷ್ಟೋ ವರ್ಷದಿಂದ ಫೈಲು ಮುಚ್ಚುವಾಗ ಬರುತ್ತಿದ್ದ ಮಾತು ತಾನಾಗಿ ಬಾಯಿಗೆ ಬಂತು.

"ಪೇಷಂಟ್‌ಗೆ ಹೇಳಬೇಡಿ."

ಹೇಳಿದ ಮೇಲೆ ಅವರ ಮುಖ ಕಪ್ಪಿಟ್ಟಿತು. ಹನುಮಕ್ಕ ಅವರನ್ನು ನೋಡಿ ಮರುಕಪಟ್ಟವಳಂತೆ ಉತ್ತರ ಕೊಟ್ಟಳು. "ನಾನೇ ಹೇಳ್ತೀನಿ ಸಾರ್. ಅವಳು ಗಟ್ಟಿಗಿತ್ತಿ, ಬಾವಿಗೆ ಬೀಳಲ್ಲ."

ಸಂಜೆ ಮನೆಗೆ ಹೋಗಿ ಮಗಳನ್ನು ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ಡಾಕ್ಟರು ಹೇಳಿದಂತೆಯೇ ಹೇಳಿದಳು, ಒಂದು ಮಾತೂ ತಗ್ಗಿಸಲಿಲ್ಲ. ಪುಟ್ಟಲಕ್ಷ್ಮಿ ಅತ್ತಳು, ಅಮ್ಮನ ತೊಡೆ ಹಿಡಿದುಕೊಂಡು ಬಹಳ ಅತ್ತಳು. ಅತ್ತದ್ದಾದ ಮೇಲೆ ಇಬ್ಬರೂ ಕೂತು ತಿಂಗಳು ಎಣಿಸಿದರು. ಮದುವೆಯ ಮುಹೂರ್ತಗಳಿರುವುದು ಕಾರ್ತೀಕದಲ್ಲಿ. ಅದೊಂದು ತಪ್ಪಿದರೆ ಧನುರ್ಮಾಸ, ಸಂಕ್ರಾಂತಿಯವರೆಗೆ ಯಾರೂ ಮದುವೆ ಮಾಡುವುದಿಲ್ಲ. ಅಷ್ಟರಲ್ಲಿ ಹನುಮಕ್ಕ ಸತ್ತರೆ ಮುಂದೆ ವರ್ಷ ತುಂಬುವವರೆಗೆ ಹುಡುಗಿಯನ್ನು ಯಾರೂ ಹಸೆಗೆ ಏರಿಸುವಂತಿಲ್ಲ. ಪರೀಕ್ಷೆ ಆ ವರ್ಷದೊಳಗೇ ಬರುತ್ತದೆ, ದೇವರು ಕಣ್ಣು ಬಿಟ್ಟರೆ ಕೆಲಸವೂ ಬರುತ್ತದೆ. ಯಾವ ಸಾವನ್ನು ಹಿಡಿದುಕೊಂಡು ತಮ್ಮ ಮದುವೆಗೆ ಅವಸರ ಮಾಡುತ್ತಿದ್ದನೋ, ಅದೇ ಸಾವನ್ನು ಹಿಡಿದುಕೊಂಡು ಅವಳು ಮಗಳಿಗೆ ಒಂದು ವರ್ಷ ಸಂಪಾದಿಸಬೇಕಾಗಿತ್ತು. ಇಂಥ ದಾರಿ ಹುಡುಕಬೇಕಾಗಿ ಬಂದದ್ದಕ್ಕೆ ಅವಳಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು.

ದೇವರನ್ನು ಕೇಳುತ್ತೇನೆ ಎಂದಿದ್ದಳಲ್ಲ, ಅತ್ತಿಗುಪ್ಪೆಯ ಆಂಜನೇಯನ ಗುಡಿಗೆ ಹೂವು ಕೇಳಲು ಒಬ್ಬಳೇ ಹೋದಳು. ಬಲಗಡೆಯ ಹೂವು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಯಾವ ಹೂವು ಬಿತ್ತೋ ಆ ಆಂಜನೇಯನೇ ಬಲ್ಲ. ಎಡಗಡೆಯದು ಬಿತ್ತು, ಯುಗಾದಿ ಕಳೆಯುವವರೆಗೆ ಬೇಡ ಎಂದು ಅಪ್ಪಣೆಯಾಯಿತು ಎಂದು ತಮ್ಮನಿಗೆ ಹೇಳಿದಳು. ದೊಡ್ಡಣ್ಣ ಒಪ್ಪಲಿಲ್ಲ. ಇನ್ನೊಂದು ಗುಡಿಯಲ್ಲಿ ಕೇಳೋಣ ಎಂದ, ಪುರೋಹಿತರನ್ನು ಕರೆತರುತ್ತೇನೆ ಎಂದ, ಹುಡುಗ ಕೈತಪ್ಪುತ್ತಾನೆ ಎಂದ. ಅವಳು ಎಲ್ಲಕ್ಕೂ ಒಂದೇ ಪ್ರಶ್ನೆ ಇಟ್ಟುಕೊಂಡಿದ್ದಳು.

"ಏನವಸರ ದೊಡ್ಡಣ್ಣ? ನಾನೇನು ಎಲ್ಲಿಗಾದ್ರೂ ಹೋಗ್ತೀನಾ?"

ಅವನು ಬಾಯಿ ತೆಗೆದ. ಅದಕ್ಕೆ ಇದ್ದದ್ದು ಒಂದೇ ಉತ್ತರ, ಆ ಉತ್ತರವನ್ನು ಹೇಳಬೇಡಿ ಎಂದು ಡಾಕ್ಟರು ಕಟ್ಟಿಹಾಕಿ ಕಳಿಸಿದ್ದರು. ಅಕ್ಕನ ಎದುರಿಗೆ ಆ ಮಾತನ್ನು ಆಡುವ ಎದೆ ಅವನಿಗೂ ಇರಲಿಲ್ಲ. ತೆಗೆದ ಬಾಯಿ ಮುಚ್ಚಿಕೊಂಡು, ಎಳನೀರು ಕೆತ್ತಲು ಮಚ್ಚು ಎಲ್ಲಿದೆ ಎಂದು ಕೇಳಿದ. ಹನುಮಕ್ಕನಿಗೆ ಅಯ್ಯೋ ಎನ್ನಿಸಿತು, ಎಷ್ಟಾದರೂ ಎತ್ತಿ ಆಡಿಸಿದ ತಮ್ಮ. ಆದರೂ ಬಿಡಲಿಲ್ಲ. ಮುಂದಿನ ವಾರ ಬಂದಾಗಲೂ, ಅದರ ಮುಂದಿನ ವಾರ ಬಂದಾಗಲೂ ಅದನ್ನೇ ಕೇಳಿದಳು. ಕಾರ್ತೀಕ ಹಾಗೆಯೇ ಕಳೆಯಿತು.

ಅಷ್ಟರಲ್ಲಿ ಅವಳು ಟ್ರೈನಿಂಗ್ ಶಾಲೆಯ ಹಾಸ್ಟೆಲ್ ನೋಡಿಕೊಳ್ಳುತ್ತಿದ್ದ ಸತ್ಯವತಿ ಮೇಡಂ ಹತ್ತಿರ ಹೋಗಿ, ಮಗಳನ್ನು ಪರೀಕ್ಷೆ ಮುಗಿಯುವವರೆಗೆ ಅಲ್ಲೇ ಇಟ್ಟುಕೊಳ್ಳುವಂತೆ ಕೇಳಿ ಒಪ್ಪಿಸಿ ಬಂದಳು. ಏಕೆ ಎಂದು ಅವರು ಕೇಳಿದಾಗ, ನಾನು ಸಂಕ್ರಾಂತಿಗೆ ಇರುವುದಿಲ್ಲ ಎಂದು ಊರಿಗೆ ಹೋಗುವವಳ ಹಾಗೆ ಹೇಳಿದಳಂತೆ. ನೀರೂ ಇಳಿಯದಾದಾಗ ತಾನೇ ನಡೆದು ಆಸ್ಪತ್ರೆಗೆ ಹೋಗಿ ಮಲಗಿದಳು. ಡಾಕ್ಟರು ದಿನಕ್ಕೆರಡು ಸಲ ಬಂದು ನಿಂತು ಹೋಗುತ್ತಿದ್ದರು. ಧನುರ್ಮಾಸ ಮುಗಿಯಲು ಇನ್ನೂ ಒಂಬತ್ತು ದಿನ ಇರುವಾಗ, ಬೆಳಗಿನ ಹೊತ್ತು, ಮಗಳು ಕೈ ಹಿಡಿದು ಕೂತಿರುವಾಗ ಹೋದಳು. ಆ ಹೊತ್ತಿಗೆ ಅವಳ ನಿಜವಾದ ತೂಕ ಎಷ್ಟಿತ್ತು ಎಂದು ನೋಡಲು ಆಸ್ಪತ್ರೆಯಲ್ಲಿ ಯಂತ್ರವಿರಲಿಲ್ಲ.

ಹನ್ನೊಂದನೆಯ ದಿನದ ತಿಥಿಯನ್ನು ದೊಡ್ಡಣ್ಣ ಉಲ್ಲಾಳದಲ್ಲಿ ಚೆನ್ನಾಗಿಯೇ ಮಾಡಿದ. ಚಪ್ಪರದ ಕೆಳಗೆ ಎರಡು ಪಂಕ್ತಿ ಊಟ. ಬಂದವರೆಲ್ಲ ಹನುಮಕ್ಕನ ಸಂಕಟ ನೆನೆದು ಲೊಚಗುಟ್ಟಿದರು. ದೊಡ್ಡಣ್ಣ ಎಲೆಗಳ ನಡುವೆ ಓಡಾಡುತ್ತ, ಕಣ್ಣೊರೆಸಿಕೊಳ್ಳುತ್ತ, ಒಂದು ಸಮಾಧಾನ ಮಾತ್ರ ತನಗಿದೆ ಎಂದು ಎಲ್ಲರಿಗೂ ಹೇಳಿದ. ಡಾಕ್ಟರು ತನ್ನೊಬ್ಬನಿಗೆ ಹೇಳಿದ್ದರು, ತಾನು ಆ ಭಾರವನ್ನು ಒಬ್ಬನೇ ಹೊತ್ತೆ, ಅಕ್ಕನಿಗೆ ಕೊನೆಯವರೆಗೂ ಒಂದು ಚೂರೂ ಗೊತ್ತಾಗದಂತೆ ನೋಡಿಕೊಂಡೆ, ಪಾಪ ನೆಮ್ಮದಿಯಾಗಿ ಹೋದಳು. ಪಂಕ್ತಿಯಲ್ಲಿ ಕೂತಿದ್ದ ನಾಗರಾಜು ತಲೆಯಾಡಿಸಿದ. ಇಂಥ ತಮ್ಮ ಇರಬೇಕು ಎಂದು ಯಾರೋ ಮುದುಕರು ಅಂದರು.

ಪುಟ್ಟಲಕ್ಷ್ಮಿ ಸಾರಿನ ಬಕೆಟ್ಟು ಹಿಡಿದು ಅವನ ಹಿಂದೆಯೇ ಬಡಿಸಿಕೊಂಡು ಬರುತ್ತಿದ್ದಳು. ಸಂಜೆಯ ಬಸ್ಸಿಗೆ ಅವಳು ಹಾಸ್ಟೆಲಿಗೆ ಹೋಗಬೇಕಾಗಿತ್ತು. ಬಕೆಟ್ಟನ್ನು ಕೆಳಗಿಟ್ಟು, ಎಲ್ಲರಿಗೂ ಕೇಳಿಸುವಂತೆ, ಆದರೆ ದನಿ ಏರಿಸದೆ ಹೇಳಿದಳು.

"ಅವ್ವಂಗೆ ಎಲ್ಲಾ ಗೊತ್ತಿತ್ತು ಮಾವ. ನಿಮಗೆ ಹೇಳಬೇಡ ಅಂದಿದ್ಲು."